ಹತ್ತು ಜನರ ಆಫೀಸು ಕ್ಲೌಡ್‌ಗೆ ಹೋಗುವಾಗ: ಟ್ಯಾಲಿ, ಮೇಲ್, ಬ್ಯಾಕಪ್ ಮತ್ತು ಬಿಲ್ಲು

ಹುಬ್ಬಳ್ಳಿಯಲ್ಲೊಂದು ಔಷಧ ಸಗಟು ವ್ಯಾಪಾರದ ಆಫೀಸು ಎಂದಿಟ್ಟುಕೊಳ್ಳಿ. ಕಂಪ್ಯೂಟರ್ ಮುಂದೆ ಕೂರುವವರು ಹತ್ತು ಜನ. ಮೂಲೆಯಲ್ಲಿ ಹಳೆಯ ಸರ್ವರ್, ಪಕ್ಕದಲ್ಲಿ ಬ್ಯಾಟರಿ ಕೈಕೊಟ್ಟ ಯುಪಿಎಸ್. ಸರ್ವರಿನಲ್ಲಿ ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್. ಬ್ಯಾಕಪ್ ಎಂದರೆ ಅಕೌಂಟೆಂಟ್ ಡ್ರಾಯರಿನಲ್ಲಿರುವ ಪೆನ್‌ಡ್ರೈವ್. ಮಾಲೀಕರಿಗೆ ಪರವೂರಿನಲ್ಲಿದ್ದಾಗಲೂ ಸ್ಟಾಕ್ ನೋಡಬೇಕು, ಆಡಿಟರಿಗೆ ಬೆಳಗಾವಿಯಲ್ಲೇ ಕೂತು ಲೆಕ್ಕ ತೆಗೆಯಬೇಕು. ಆಗ ಯಾರಾದರೂ ಬಂದು ‘ಎಲ್ಲ ಕ್ಲೌಡ್‌ಗೆ ಹಾಕ್ಬಿಡಿ ಸಾರ್, ಟೆನ್ಷನ್ನೇ ಇರಲ್ಲ’ ಎನ್ನುತ್ತಾರೆ. ಯಂತ್ರದ ಟೆನ್ಷನ್ ಹೋಗುತ್ತದೆ, ನಿಜ. ಬ್ಯಾಕಪ್, ಪಾಸ್‌ವರ್ಡ್, ಬಿಲ್ಲು ಈ ಮೂರರದ್ದು ನಿಮ್ಮ ಹತ್ತಿರವೇ ಉಳಿಯುತ್ತದೆ. ಇಷ್ಟು ತಿಳಿದು ಹೋದವರಿಗೆ ಕ್ಲೌಡ್ ಒಳ್ಳೆಯದು. ತಿಳಿಯದೆ ಹೋದವರಿಗೆ ಮೂಲೆಯ ಸರ್ವರೇ ವಾಸಿಯಿತ್ತು ಅನ್ನಿಸುತ್ತದೆ.

ಬೇರೆಯವರ ಡೇಟಾ ಸೆಂಟರಿನ ಯಂತ್ರವನ್ನು ಗಂಟೆ ಮತ್ತು ಜಿಬಿ ಲೆಕ್ಕದಲ್ಲಿ ಬಾಡಿಗೆಗೆ ತೆಗೆದುಕೊಳ್ಳುವುದೇ ಕ್ಲೌಡ್. ಈಗಿನ ರೂಪದ ವ್ಯವಹಾರ ಶುರುವಾದದ್ದು 2006ರಲ್ಲಿ: ಅಮೆಜಾನ್ ಮಾರ್ಚ್‌ನಲ್ಲಿ ಎಸ್3 ಎಂಬ ಸಂಗ್ರಹ ಸೇವೆಯನ್ನೂ ಆಗಸ್ಟ್‌ನಲ್ಲಿ ಇಸಿ2 ಎಂಬ ಬಾಡಿಗೆ ಸರ್ವರನ್ನೂ ತೆರೆಯಿತು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2011ರಲ್ಲಿ ಇದನ್ನೆಲ್ಲ ಮೂರು ಬಗೆಯಾಗಿ ವಿಂಗಡಿಸಿತು, ಇಂದಿಗೂ ಎಲ್ಲರೂ ಅದನ್ನೇ ಬಳಸುತ್ತಾರೆ. ಐಎಎಎಸ್‌ನಲ್ಲಿ ಬರೀ ಸರ್ವರ್ ಸಿಗುತ್ತದೆ. ವಿಂಡೋಸ್ ಅಪ್‌ಡೇಟ್‌ನಿಂದ ಹಿಡಿದು ಒಳಗಿನದೆಲ್ಲ ನಿಮ್ಮ ಕೆಲಸ. ಪಿಎಎಎಸ್‌ನಲ್ಲಿ ಡೇಟಾಬೇಸ್‌ನಂಥದ್ದನ್ನು ಅವರೇ ನಡೆಸಿಕೊಡುತ್ತಾರೆ. ಎಸ್ಎಎಎಸ್ ಅಂದರೆ ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365, ಜೋಹೋ ಬುಕ್ಸ್‌ನಂತೆ ಲಾಗಿನ್ ಆಗಿ ಬಳಸುವ ಸಿದ್ಧ ಸಾಫ್ಟ್‌ವೇರ್. ನಮ್ಮ ಹುಬ್ಬಳ್ಳಿ ಆಫೀಸಿಗೆ ಮೇಲ್ ಮೂರನೆಯ ಬಗೆಯದ್ದು, ಟ್ಯಾಲಿ ಮೊದಲನೆಯದು. ಸ್ವಂತ ಆರ್ಡರ್ ಆ್ಯಪ್ ಇಲ್ಲದಿದ್ದರೆ ನಡುವಿನದು ಬೇಡ.

ಸಿಸಿಟಿವಿಯನ್ನೂ ಕಳಿಸೋಣವೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ: ಎಂಟು ಕ್ಯಾಮೆರಾ, ಒಂದೊಂದಕ್ಕೆ 2 ಎಂಬಿಪಿಎಸ್, ಒಟ್ಟು 16 ಎಂಬಿಪಿಎಸ್ ಅಪ್‌ಲೋಡ್, ಹಗಲೂ ರಾತ್ರಿ. ದಿನಕ್ಕೆ 173 ಜಿಬಿ, ತಿಂಗಳಿಗೆ ಐದು ಟಿಬಿಗಿಂತ ಹೆಚ್ಚು. ಅದು ಗೋಡೆಯ ಮೇಲಿನ ರೆಕಾರ್ಡರಿನಲ್ಲೇ ಇರಲಿ.

ಟ್ಯಾಲಿಯ ಕಥೆ

ಮೊದಲು, ಮಾಡಬಾರದ ಕೆಲಸ. ಟ್ಯಾಲಿ ಡೇಟಾ ಫೋಲ್ಡರನ್ನು ಗೂಗಲ್ ಡ್ರೈವ್‌ಗೋ ಒನ್‌ಡ್ರೈವ್‌ಗೋ ಸಿಂಕ್ ಮಾಡಿ ಎರಡು ಊರಿನಿಂದ ತೆರೆಯುವುದು. ಖರ್ಚಿಲ್ಲದ ಉಪಾಯದಂತೆ ಕಾಣುತ್ತದೆ. ಆದರೆ ಟ್ಯಾಲಿ ಒಂದು ವೋಚರ್ ಉಳಿಸುವಾಗ ಹಲವು ಫೈಲುಗಳನ್ನು ಒಟ್ಟಿಗೆ ಬದಲಿಸುತ್ತದೆ, ಸಿಂಕ್ ಸಾಫ್ಟ್‌ವೇರ್ ಮಾತ್ರ ಅವನ್ನು ಒಂದೊಂದಾಗಿ, ತನಗೆ ಬೇಕಾದ ಕ್ರಮದಲ್ಲಿ ಸಾಗಿಸುತ್ತದೆ. ಆ ಕಡೆ ಕೂತವರಿಗೆ ಅರ್ಧ ಹೊಸದು, ಅರ್ಧ ಹಳೆಯದು ಸಿಗುತ್ತದೆ. ಇಬ್ಬರೂ ಒಟ್ಟಿಗೆ ಎಂಟ್ರಿ ಹಾಕಿದರೆ ಒಂದೋ ಒಬ್ಬರ ಎಂಟ್ರಿ ಮಾಯ, ಇಲ್ಲವೇ ಟ್ಯಾಲಿಯಲ್ಲಿ ಕಂಪನಿಯ ಲೆಕ್ಕವೇ ತೆರೆಯುವುದಿಲ್ಲ. ವಿಪಿಎನ್ (ಇಂಟರ್ನೆಟ್ಟಿನೊಳಗಿನ ಖಾಸಗಿ ಸುರಂಗ) ಹಾಕಿ ದೂರದ ಸರ್ವರಿನ ಫೋಲ್ಡರನ್ನು ಶೇರ್ ಮಾಡಿದರೂ ಹೆಚ್ಚೇನೂ ಸುಧಾರಿಸುವುದಿಲ್ಲ. ಲೆಡ್ಜರ್ ತೆರೆಯುವಷ್ಟರಲ್ಲಿ ಚಹಾ ಕುಡಿದು ಬರಬಹುದು, ಮಧ್ಯದಲ್ಲಿ ಲೈನ್ ಕಡಿದರೆ ಫೈಲು ಕೆಡಬಹುದು.

ಸರಿಯಾದ ದಾರಿ ಎಂದರೆ ಟ್ಯಾಲಿಯೂ ಅದರ ಡೇಟಾವೂ ಒಂದೇ ಕ್ಲೌಡ್ ಸರ್ವರಿನಲ್ಲಿರಬೇಕು, ಜನ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದರೊಳಗೆ ಹೋಗಿ ಕೆಲಸ ಮಾಡಬೇಕು. ತಂತಿಯ ಮೇಲೆ ಪರದೆಯ ಚಿತ್ರ ಮತ್ತು ಕೀಲಿಮಣೆಯ ಒತ್ತು ಮಾತ್ರ ಓಡಾಡುತ್ತವೆ. ಲೈನ್ ಹೋದರೂ ಆ ಕಡೆ ಸೆಷನ್ ಜೀವಂತ. ಮತ್ತೆ ಲಾಗಿನ್ ಆದರೆ ಅರ್ಧ ಬರೆದ ಬಿಲ್ಲು ಅಲ್ಲೇ ಕಾಯುತ್ತಿರುತ್ತದೆ. ಒಂದಿಡೀ ಮಳೆಗಾಲ ಕಳೆದ ಆಫೀಸುಗಳು ಕ್ಲೌಡ್‌ನಲ್ಲಿ ಮೊದಲು ಮೆಚ್ಚಿಕೊಳ್ಳುವುದು ಇದನ್ನೇ.

ಹತ್ತು ಜನಕ್ಕೆ 4 ವಿಸಿಪಿಯು (ಬಾಡಿಗೆ ಯಂತ್ರದ ಪ್ರೊಸೆಸರ್ ಪಾಲು), 16 ಜಿಬಿ ರ‍್ಯಾಮ್‌ನಿಂದ ಶುರು ಮಾಡಿ. ಟ್ಯಾಲಿಗೆ ಅಷ್ಟು ಬೇಡ. ಮೆಮೊರಿ ತಿನ್ನುವುದು ಅದೇ ಸರ್ವರಿನೊಳಗೆ ತೆರೆದಿಟ್ಟ ಕ್ರೋಮ್ ಮತ್ತು ಎಕ್ಸೆಲ್. ಬ್ರೌಸರನ್ನು ಅಲ್ಲಿ ಬಂದ್ ಮಾಡಿ, ಜಿಎಸ್‌ಟಿ ಪೋರ್ಟಲ್ ಕೆಲಸವನ್ನು ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ ಮಾಡಿದರೆ ಇನ್ನೂ ಚಿಕ್ಕ ಸರ್ವರ್ ಸಾಕಾಗುತ್ತದೆ. ಹಾಗೆ ಮಾಡಲು ಇನ್ನೊಂದು ಕಾರಣ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್. ಅದನ್ನು ಚುಚ್ಚಬೇಕಾದದ್ದು ನಿಮ್ಮ ಮೇಜಿನಲ್ಲಿ, ಸರ್ವರ್ ಇರುವುದು ಮುಂಬೈಯಲ್ಲಿ. ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದನ್ನು ಆ ಕಡೆ ಕಾಣಿಸುವಂತೆ ಮಾಡಬಹುದಾದರೂ ರಿಟರ್ನ್ ಕೊನೆಯ ದಿನ ಅದು ಕೈಕೊಟ್ಟರೆ ಯಾರಿಗೆ ಬೇಕು ಆ ಪಾಡು.

ಅಗ್ಗದ ‘ಟಿ’ ಸಾಲಿನ ಸರ್ವರುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಅಮೆಜಾನಿನ ಕ್ಲೌಡ್ ಆದ ಎಡಬ್ಲ್ಯುಎಸ್‌ನ ಟಿ3 ಮೀಡಿಯಂ ಎಂದರೆ 2 ವಿಸಿಪಿಯು, 4 ಜಿಬಿ. ಆದರೆ ಒಂದೊಂದು ವಿಸಿಪಿಯುವಿಗೆ ಸದಾ ಸಿಗುವ ಶಕ್ತಿ ಶೇ. 20 ಮಾತ್ರ. ಅದಕ್ಕಿಂತ ಕಡಿಮೆ ಬಳಸಿದಾಗ ಕ್ರೆಡಿಟ್ ಕೂಡುತ್ತದೆ, ಹೆಚ್ಚು ಬಳಸಿದಾಗ ಕರಗುತ್ತದೆ. ಟಿ3 ತಾನಾಗಿ ‘ಅನ್‌ಲಿಮಿಟೆಡ್’ ಸ್ಥಿತಿಯಲ್ಲಿ ಶುರುವಾಗುವುದರಿಂದ ಕ್ರೆಡಿಟ್ ಮುಗಿದರೂ ವೇಗ ಇಳಿಯದೆ ಬಿಲ್ಲು ಏರಬಹುದು. ಹಳೆಯ ಟಿ2 ಇದಕ್ಕೆ ತದ್ವಿರುದ್ಧ: ಬಿಲ್ಲು ಏರದು, ಮಧ್ಯಾಹ್ನ ಮೂರಕ್ಕೆ ಯಂತ್ರವೇ ತೆವಳುತ್ತದೆ. ಬೆಳಿಗ್ಗೆ ಚುರುಕಾಗಿದ್ದು ಸಂಜೆ ನಿಧಾನವಾಗುವ ಸರ್ವರ್ ಕಂಡರೆ ಇಂಟರ್ನೆಟ್ ಕಂಪನಿಯನ್ನು ಬೈಯುವ ಮೊದಲು ಕ್ರೆಡಿಟ್ ಗ್ರಾಫ್ ನೋಡಿ.

ಲೈಸೆನ್ಸ್ ವಿಷಯ ಇನ್ನೂ ಸೂಕ್ಷ್ಮ. ವಿಂಡೋಸ್ ಸರ್ವರ್ ತಾನಾಗಿ ಬಿಡುವುದು ಏಕಕಾಲಕ್ಕೆ ಇಬ್ಬರನ್ನು, ಅದೂ ಆಡಳಿತದ ಕೆಲಸಕ್ಕೆ. ಹತ್ತು ಜನ ಒಳಗೆ ಹೋಗಬೇಕಾದರೆ ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್ ಹಾಕಿ, ಪ್ರತಿಯೊಬ್ಬರಿಗೂ ಪ್ರತ್ಯೇಕ ಲೈಸೆನ್ಸ್ ಕೊಳ್ಳಬೇಕು. ಲೈಸೆನ್ಸ್ ಇಲ್ಲದೆಯೂ 120 ದಿನ ಅದು ನಡೆಯುತ್ತದೆ, ಗಂಟು ಬೀಳುವುದೇ ಇಲ್ಲಿ. ಸೆಟಪ್ ಮಾಡಿದವರು ದುಡ್ಡು ತೆಗೆದುಕೊಂಡು ಹೋಗಿ ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಯಾರಿಗೂ ಲಾಗಿನ್ ಆಗುವುದಿಲ್ಲ. ಆದ್ದರಿಂದ ಕೊಟೇಶನ್‌ನಲ್ಲಿ ಈ ಲೈಸೆನ್ಸ್ ಬೇರೆಯೇ ಸಾಲಾಗಿ ಕಾಣಬೇಕು. ಕಾಣದಿದ್ದರೆ ಬರೆದು ಕೇಳಿ. ಟ್ಯಾಲಿಯದ್ದೂ ನೋಡಿಕೊಳ್ಳಿ: ಸಿಲ್ವರ್ ಒಬ್ಬರಿಗೆ, ಹಲವರಿಗೆ ಬೇಕಾದದ್ದು ಗೋಲ್ಡ್.

ಪ್ರಿಂಟರ್‌ಗೆ ಒಂದು ದಿನ ಮೀಸಲಿಡಿ. ಲೇಸರ್ ಪ್ರಿಂಟರುಗಳು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಮೂರು ಪ್ರತಿಯ ಬಿಲ್ಲು ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಮಾತ್ರ ಕಾಗದದ ಅಳತೆ ತಪ್ಪಿಸಿಕೊಂಡು ಪ್ರತಿ ಬಿಲ್ಲಿಗೂ ಒಂದು ಖಾಲಿ ಹಾಳೆ ಉಗುಳುವುದುಂಟು. ಸರ್ವರಿನಲ್ಲೂ ಅದೇ ಡ್ರೈವರ್ ಹಾಕಿ, ಅಲ್ಲೂ ಅದೇ ಕಾಗದದ ಅಳತೆ ನಮೂದಿಸಬೇಕು.

ಇನ್ನು ಗಡಿಯಾರ. ಎಡಬ್ಲ್ಯುಎಸ್‌ನ ಸರ್ವರ್ ಹುಟ್ಟುವುದು ಯುಟಿಸಿ ಸಮಯದಲ್ಲಿ, ನಮಗಿಂತ ಐದೂವರೆ ಗಂಟೆ ಹಿಂದೆ. ಬದಲಿಸದಿದ್ದರೆ ಬೆಳಿಗ್ಗೆ ಐದೂವರೆಗೆ ಮುಂಚೆ ಹಾಕಿದ್ದಕ್ಕೆಲ್ಲ ಹಿಂದಿನ ದಿನದ ತಾರೀಕು. ವಿಂಡೋಸ್‌ನಲ್ಲಿ ಸಮಯ ವಲಯ ಸರಿ ಮಾಡಿದರೂ ಕ್ಲೌಡ್ ಕಡೆಯ ಸ್ನ್ಯಾಪ್‌ಶಾಟ್ (ಡಿಸ್ಕಿನ ಆ ಕ್ಷಣದ ಪ್ರತಿ) ವೇಳಾಪಟ್ಟಿ ಯುಟಿಸಿಯಲ್ಲೇ ಉಳಿಯುತ್ತದೆ. ಅಲ್ಲಿ ‘ರಾತ್ರಿ 2’ ಎಂದು ಹಾಕಿದರೆ ನಮ್ಮಲ್ಲಿ ಬೆಳಿಗ್ಗೆ ಏಳೂವರೆ. ನಮ್ಮ ನಡುರಾತ್ರಿ ಬೇಕಿದ್ದರೆ 18:30 ಎಂದು ಬರೆಯಬೇಕು.

ಯಾವ ಊರಿನ ಸರ್ವರ್, ಯಾವ ಲೈನ್

ಎಡಬ್ಲ್ಯುಎಸ್‌ಗೆ ಮುಂಬೈಯಲ್ಲಿ 2016ರಿಂದ, ಹೈದರಾಬಾದಿನಲ್ಲಿ 2022ರಿಂದ ರೀಜನ್, ಅಂದರೆ ಡೇಟಾ ಸೆಂಟರುಗಳ ನೆಲೆ, ಇದೆ. ಮೈಕ್ರೋಸಾಫ್ಟ್ ಅಜೂರ್ 2015ರಲ್ಲೇ ಪುಣೆ, ಚೆನ್ನೈ, ಮುಂಬೈಗೆ ಬಂತು. ಗೂಗಲ್ ಕ್ಲೌಡ್ 2017ರಲ್ಲಿ ಮುಂಬೈಗೆ, 2021ರಲ್ಲಿ ದೆಹಲಿಗೆ. ಎಡಬ್ಲ್ಯುಎಸ್‌ನಲ್ಲಿ ಹೊಸ ಖಾತೆ ತೆರೆದಾಗ ಕನ್ಸೋಲಿನ (ಖಾತೆ ನಿರ್ವಹಿಸುವ ವೆಬ್ ಪುಟ) ಬಲ ಮೇಲ್ಮೂಲೆಯಲ್ಲಿ ಅಮೆರಿಕದ ಯಾವುದೋ ರೀಜನ್ ಆಯ್ಕೆಯಾಗಿರುವುದುಂಟು. ಅದನ್ನು ಗಮನಿಸದೆ ಸರ್ವರ್ ಎಬ್ಬಿಸಿದರೆ ನಿಮ್ಮ ಟ್ಯಾಲಿ ವರ್ಜೀನಿಯಾದಲ್ಲಿ ಕೂರುತ್ತದೆ. ಅಲ್ಲಿಗೆ ಹೋಗಿ ಬರಲು ಸಂಕೇತಕ್ಕೆ 200 ಮಿಲಿಸೆಕೆಂಡಿಗೂ ಹೆಚ್ಚು ಬೇಕು, ಮುಂಬೈಗಾದರೆ ಕೆಲವು ಹತ್ತು ಮಿಲಿಸೆಕೆಂಡ್ ಸಾಕು. ಅಕ್ಷರ ಒತ್ತಿದ ಮೇಲೆ ಪರದೆಯಲ್ಲಿ ಮೂಡುವುದು ತಡವಾದರೆ ಬಿಲ್ಲಿಂಗ್ ಹುಡುಗರು ವಾರದೊಳಗೆ ದಂಗೆ ಏಳುತ್ತಾರೆ.

ಇದು ಬರೀ ವೇಗದ ಮಾತಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ, 2022ರ ಆಗಸ್ಟ್‌ನಲ್ಲಿ ತಿದ್ದಿದ ಕಂಪನಿ ಲೆಕ್ಕಪತ್ರ ನಿಯಮದಂತೆ ಎಲೆಕ್ಟ್ರಾನಿಕ್ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನವೂ ಇರಬೇಕು.

ಆಫೀಸಿನ ಲೈನ್ ಬಗ್ಗೆ ಹೆಚ್ಚು ಹೆದರಬೇಕಿಲ್ಲ. ರಿಮೋಟ್ ಡೆಸ್ಕ್‌ಟಾಪ್‌ಗೆ ತಲೆಗೆ ಅರ್ಧ ಎಂಬಿಪಿಎಸ್ ಹಿಡಿದರೆ ಸಾಕು, ಹತ್ತು ಜನಕ್ಕೆ ಐದು. ಆದರೆ ಲೈನ್ ಎರಡಿರಬೇಕು, ಎರಡು ಬೇರೆ ಕಂಪನಿಯದ್ದು, ಸಾಧ್ಯವಾದರೆ ಒಂದು ಫೈಬರ್, ಇನ್ನೊಂದು 4ಜಿ ಅಥವಾ 5ಜಿ. ರಸ್ತೆ ಅಗೆಯುವ ಜೆಸಿಬಿಗೆ ಯಾವ ಕಂಪನಿಯ ಕೇಬಲ್ ಎಂಬ ಭೇದವಿಲ್ಲ. ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಭದ್ರತೆಗೆಂದು ಸರ್ವರಿನ ಫೈರ್‌ವಾಲ್‌ನಲ್ಲಿ ಆಫೀಸಿನ ಫೈಬರ್ ಲೈನಿನ ಐಪಿ (ಇಂಟರ್ನೆಟ್ ವಿಳಾಸ) ಒಂದಕ್ಕೇ ಅನುಮತಿ ಕೊಟ್ಟಿರುತ್ತೀರಿ. ಫೈಬರ್ ಕಡಿದು ರೌಟರ್ 4ಜಿಗೆ ಹಾರಿದ ಕೂಡಲೇ ಐಪಿ ಬದಲಾಗುತ್ತದೆ, ಸರ್ವರ್ ನಿಮ್ಮನ್ನೇ ಹೊರಗಿಡುತ್ತದೆ. ಎರಡನೇ ಲೈನಿಗೆ ದುಡ್ಡು ಕಟ್ಟಿಯೂ ಪ್ರಯೋಜನವಿಲ್ಲ. ವಿಪಿಎನ್ ಹಾಕಿ, ಐಪಿಗೆ ಬದಲು ಬಳಕೆದಾರರನ್ನು ಗುರುತಿಸುವಂತೆ ಮಾಡಿದರೆ ಈ ಕಷ್ಟವಿಲ್ಲ.

ಹಾಗೆಂದು ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಪೋರ್ಟನ್ನು ಇಡೀ ಲೋಕಕ್ಕೆ ತೆರೆದಿಡುವ ಅಡ್ಡದಾರಿ ಮಾತ್ರ ಬೇಡ. ತೆರೆದ ರಿಮೋಟ್ ಡೆಸ್ಕ್‌ಟಾಪ್ ಪೋರ್ಟುಗಳನ್ನು ಹುಡುಕಿ ಪಾಸ್‌ವರ್ಡ್ ಊಹಿಸುವ ಕೆಲಸವನ್ನು ಜನ ಮಾಡುವುದಿಲ್ಲ, ಪ್ರೋಗ್ರಾಂಗಳು ಬಿಡುವಿಲ್ಲದೆ ಮಾಡುತ್ತವೆ. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಕಳ್ಳ ಪ್ರೋಗ್ರಾಂ) ಒಳನುಗ್ಗುವ ಹಳೆಯ ಬಾಗಿಲುಗಳಲ್ಲಿ ಇದೊಂದು. ಏನಾದರೂ ಆಗಿಯೇಬಿಟ್ಟರೆ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ತಿಳಿದ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು.

ಬಿಲ್ಲು

ತಿಂಗಳಿಗೆ 730 ಗಂಟೆ. ಆಫೀಸು ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟು, ತಿಂಗಳಿಗೆ 26 ದಿನ ಎಂದರೆ 273 ಗಂಟೆ. ಉಳಿದ ಹೊತ್ತು ಸರ್ವರ್ ತಾನಾಗಿ ನಿಲ್ಲುವಂತೆ ವೇಳಾಪಟ್ಟಿ ಹಾಕಿದರೆ ಗಂಟೆ ಲೆಕ್ಕದ ಖರ್ಚು ಶೇ. 37ಕ್ಕೆ ಇಳಿಯುತ್ತದೆ. ಒಂದೋ ಮೂರೋ ವರ್ಷಕ್ಕೆ ಒಪ್ಪಂದ ಮಾಡಿಕೊಂಡು ರಿಯಾಯಿತಿ ಪಡೆಯುವುದು ಇನ್ನೊಂದು ದಾರಿ. ಸರ್ವರ್ ಹಗಲು ರಾತ್ರಿ ಓಡುವುದಾದರೆ ಅದು ಲಾಭ, ರಾತ್ರಿ ನಿಲ್ಲಿಸುವವರಿಗೆ ಅಷ್ಟಿಲ್ಲ. ಏನೇ ಆದರೂ ಮೊದಲ ಎರಡು ಮೂರು ತಿಂಗಳು ಒಪ್ಪಂದ ಬೇಡ, ನಿಮಗೆ ಬೇಕಾದ ಗಾತ್ರ ಯಾವುದೆಂದು ಅಷ್ಟರಲ್ಲಿ ಗೊತ್ತಾಗುತ್ತದೆ.

ನಿಲ್ಲಿಸಿದ ಸರ್ವರಿಗೆ ಬಿಲ್ಲಿಲ್ಲ ಎಂದು ನಂಬಬೇಡಿ. ಡಿಸ್ಕಿಗೆ ಬಾಡಿಗೆ ಓಡುತ್ತಲೇ ಇರುತ್ತದೆ. ಸರ್ವರನ್ನೇ ಅಳಿಸಿದರೂ ಕೆಲವೊಮ್ಮೆ ಡಿಸ್ಕ್ ಉಳಿದಿರುತ್ತದೆ, ಸ್ನ್ಯಾಪ್‌ಶಾಟ್‌ಗಳು ಖಂಡಿತ ಉಳಿದಿರುತ್ತವೆ. ಎಡಬ್ಲ್ಯುಎಸ್ 2024ರ ಫೆಬ್ರವರಿ 1ರಿಂದ ಪ್ರತಿ ಸಾರ್ವಜನಿಕ ಐಪಿಗೂ ಗಂಟೆಗೆ 0.005 ಡಾಲರ್ ಹಾಕುತ್ತದೆ, ತಿಂಗಳಿಗೆ ಸುಮಾರು 3.65 ಡಾಲರ್. ಹೊರಗೆ ಹೋಗುವ ಡೇಟಾಗೆ ತಿಂಗಳ ಮೊದಲ 100 ಜಿಬಿ ಉಚಿತ, ಮುಂದಿನದಕ್ಕೆ ಜಿಬಿ ಲೆಕ್ಕ; ಒಳಗೆ ಬರುವುದಕ್ಕೆ ಹಣವಿಲ್ಲ. ಯೂಟ್ಯೂಬ್ ಪಾಠ ನೋಡಿ ನೆಟ್‌ವರ್ಕ್ ಕಟ್ಟಿದವರ ಬಿಲ್ಲಿನಲ್ಲಿ ನ್ಯಾಟ್ ಗೇಟ್‌ವೇ (ಒಳಗಿನ ಸರ್ವರುಗಳನ್ನು ಇಂಟರ್ನೆಟ್ಟಿಗೆ ದಾಟಿಸುವ ಸೇವೆ) ಎಂಬ ಸಾಲು ಇದ್ದೇ ಇರುತ್ತದೆ. ಅಮೆರಿಕದ ದರದಲ್ಲೇ ಗಂಟೆಗೆ 0.045 ಡಾಲರ್, ಏನೂ ಬಳಸದಿದ್ದರೂ ತಿಂಗಳಿಗೆ 33 ಡಾಲರ್ ಹತ್ತಿರ. ಒಂದೇ ಸರ್ವರ್ ಇರುವವರಿಗೆ ಅದು ಬೇಕೇ ಇಲ್ಲ.

ಇದರ ಮೇಲೆ ಶೇ. 18 ಜಿಎಸ್‌ಟಿ. ಖಾತೆಯಲ್ಲಿ ನಿಮ್ಮ ಜಿಎಸ್‌ಟಿಐಎನ್ ಮೊದಲ ದಿನವೇ ತುಂಬಿದರೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ. ಯಾರದೋ ವೈಯಕ್ತಿಕ ಹೆಸರಿನಲ್ಲಿ ಖಾತೆ ತೆರೆದಿದ್ದರೆ ಅದೂ ಹೋಯಿತು.

ಕಾರ್ಡಿನ ವಿಷಯ ನಮ್ಮ ದೇಶದ್ದೇ ತಲೆನೋವು. ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. 15,000 ರೂಪಾಯಿ ಮೀರಿದ ತಿಂಗಳ ಬಿಲ್ಲು ಓಟಿಪಿ ಇಲ್ಲದೆ ತಾನಾಗಿ ಕಡಿತವಾಗುವುದಿಲ್ಲ. ಮೊದಲ ತಿಂಗಳುಗಳಲ್ಲಿ 9,000 ಬಂದು ಸಲೀಸಾಗಿ ಹೋಗುತ್ತದೆ. ಸರ್ವರ್ ದೊಡ್ಡದು ಮಾಡಿದ ತಿಂಗಳು 17,000 ಆಗಿ ಪಾವತಿ ಸೋಲುತ್ತದೆ. ಎಚ್ಚರಿಕೆಯ ಮೇಲ್ ಹೋಗುವುದು ಯಾರೂ ತೆರೆಯದ ‘ಅಡ್ಮಿನ್’ ವಿಳಾಸಕ್ಕೆ. ಕೊನೆಗೆ ಖಾತೆ ಅಮಾನತು. ಬಿಲ್ಲಿಂಗ್ ಸಂಪರ್ಕದ ಜಾಗದಲ್ಲಿ ದಿನಾ ಮೇಲ್ ನೋಡುವವರ ವಿಳಾಸವಿರಲಿ, ತಿಂಗಳ ಮೊದಲ ವಾರ ಕನ್ಸೋಲಿಗೆ ಹೋಗಿ ಪಾವತಿ ನೋಡುವುದು ಯಾರಾದರೊಬ್ಬರ ನಿಯತ ಕೆಲಸವಾಗಲಿ.

ಬಜೆಟ್ ಎಚ್ಚರಿಕೆ ಹಾಕಿ, ಆದರೆ ಅದು ಬರೀ ಮೇಲ್ ಕಳಿಸುತ್ತದೆ; ಖರ್ಚನ್ನು ತಾನಾಗಿ ತಡೆಯುವುದಿಲ್ಲ, ಅದೂ ಕೆಲವು ಗಂಟೆ ತಡವಾಗಿ ಬರುತ್ತದೆ. ಕಳುವಾದ ಕೀಲಿಯಿಂದ ಯಾರಾದರೂ ಕ್ರಿಪ್ಟೋ ಗಣಿಗಾರಿಕೆಗೆ ದೊಡ್ಡ ಯಂತ್ರಗಳನ್ನು ಎಬ್ಬಿಸಿದರೆ ಅಷ್ಟು ಹೊತ್ತೇ ಸಾಕು.

ಬ್ಯಾಕಪ್ ಯಾರ ಹೊಣೆ

ಎಸ್3ಯಲ್ಲಿಟ್ಟ ಫೈಲಿನ ಬಾಳಿಕೆಗೆ ಅಮೆಜಾನ್ ಹೇಳುವ ಅಂಕಿ ಶೇ. 99.999999999, ಹನ್ನೊಂದು ಒಂಬತ್ತುಗಳು. ಇದು ಡಿಸ್ಕ್ ಕೆಟ್ಟು ಫೈಲು ಹೋಗುವ ಸಾಧ್ಯತೆಯ ಲೆಕ್ಕ. ನಿಮ್ಮ ಹುಡುಗ ತಪ್ಪಿ ಅಳಿಸಿದ್ದಕ್ಕೆ, ರ‍್ಯಾನ್ಸಮ್‌ವೇರ್ ಮೇಲೆ ಬರೆದದ್ದಕ್ಕೆ ಅದು ಅನ್ವಯಿಸುವುದಿಲ್ಲ. ಅಳಿಸು ಎಂದರೆ ಅವರು ಅಷ್ಟೇ ನಿಷ್ಠೆಯಿಂದ ಅಳಿಸುತ್ತಾರೆ. ಸೇವೆ ನಿಂತರೆ ಪರಿಹಾರವೂ ಅಷ್ಟಕ್ಕಷ್ಟೆ: ಒಂದೇ ಇಸಿ2 ಸರ್ವರಿಗೆ ಅವರ ಭರವಸೆ ಶೇ. 99.5, ಅಂದರೆ ತಿಂಗಳಿಗೆ ಮೂರೂಮುಕ್ಕಾಲು ಗಂಟೆ ಹತ್ತಿರ ನಿಂತರೂ ಮಾತು ತಪ್ಪಿದಂತಲ್ಲ. ತಪ್ಪಿದರೂ ಸಿಗುವುದು ಮುಂದಿನ ಬಿಲ್ಲಿನಲ್ಲಿ ಕಡಿತ, ಕಳೆದ ವ್ಯಾಪಾರವಲ್ಲ.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋಯಿತು. ಬ್ಯಾಕಪ್ ಕೂಡ ಅದೇ ಆವರಣದಲ್ಲಿದ್ದ ಗ್ರಾಹಕರಿಗೆ ಎರಡೂ ಇಲ್ಲವಾಯಿತು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಪಿಂಚಣಿ ನಿಧಿ ಯೂನಿಸೂಪರ್‌ನ ಗೂಗಲ್ ಕ್ಲೌಡ್ ವ್ಯವಸ್ಥೆ ಒಂದು ಸಂರಚನಾ ತಪ್ಪಿನಿಂದ ಅಳಿಸಿಹೋಯಿತು. ಮತ್ತೆ ಮೇಲೇಳಲು ನೆರವಾದದ್ದು ಬೇರೊಂದು ಕಂಪನಿಯ ಬಳಿ ಇಟ್ಟ ಬ್ಯಾಕಪ್. ದೊಡ್ಡವರ ಪಾಡೇ ಹೀಗಿರುವಾಗ ಹುಬ್ಬಳ್ಳಿಯ ಆಫೀಸು ಮಾಡಬೇಕಾದದ್ದು ಕಷ್ಟದ್ದೇನಲ್ಲ: ಸರ್ವರಿನ ಸ್ನ್ಯಾಪ್‌ಶಾಟ್ ದಿನಕ್ಕೊಂದು, ಟ್ಯಾಲಿಯ ಬ್ಯಾಕಪ್ ಫೈಲು ಪ್ರತಿ ರಾತ್ರಿ ಬೇರೆ ಲಾಗಿನ್‌ನ, ಬೇರೆ ಖಾತೆಯ ಬಕೆಟ್ಟಿಗೆ (ಕ್ಲೌಡ್ ಸಂಗ್ರಹದ ಡಬ್ಬಿ), ಅಲ್ಲಿ ನಿಗದಿತ ದಿನದವರೆಗೆ ಯಾರೂ ಅಳಿಸಲಾಗದಂತೆ ಆಬ್ಜೆಕ್ಟ್ ಲಾಕ್, ವಾರಕ್ಕೊಮ್ಮೆ ಆಫೀಸಿನ ಎಕ್ಸ್‌ಟರ್ನಲ್ ಡಿಸ್ಕಿಗೆ. ಸರ್ವರಿನಲ್ಲೇ ‘ಡಿ’ ಡ್ರೈವಿಗೆ ಕಾಪಿ ಮಾಡಿ ಬ್ಯಾಕಪ್ ಎಂದು ಕರೆಯುವ ಅಭ್ಯಾಸ ಬಿಡಿ. 200 ಜಿಬಿ ಬ್ಯಾಕಪ್ ಇಟ್ಟರೂ ತಿಂಗಳಿಗೆ ಐದು ಡಾಲರ್ ಆಸುಪಾಸು.

ಹಳೆಯ ವರ್ಷಗಳದ್ದನ್ನು ಆರ್ಕೈವ್ ಮಟ್ಟಕ್ಕೆ ತಳ್ಳಿದರೆ ಇನ್ನೂ ಅಗ್ಗ. ಕಂಪನಿಗಳು ಲೆಕ್ಕಪುಸ್ತಕಗಳನ್ನು ಎಂಟು ವರ್ಷ ಇಡಬೇಕಾದ್ದರಿಂದ ಅದು ಉಪಯೋಗಕ್ಕೂ ಬರುತ್ತದೆ. ಆದರೆ ಅಮೆಜಾನಿನ ಅತಿ ಅಗ್ಗದ ಆರ್ಕೈವ್ ಮಟ್ಟವಾದ ಗ್ಲೇಸಿಯರ್ ಡೀಪ್ ಆರ್ಕೈವ್‌ನಿಂದ ಫೈಲು ಹೊರಬರಲು 12 ಗಂಟೆ, ಅಗ್ಗದ ವಿಧಾನದಲ್ಲಿ 48 ಗಂಟೆಯವರೆಗೆ ಬೇಕು. ಕನಿಷ್ಠ 180 ದಿನದ ಬಾಡಿಗೆಯನ್ನೂ ಕೊಡಲೇಬೇಕು. ಕಳೆದ ವಾರದ ಬ್ಯಾಕಪ್ಪನ್ನು ಅಲ್ಲಿಡುವುದು ಮೂರ್ಖತನ.

ಮೂರು ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ರಿಸ್ಟೋರ್ ಮಾಡಿ ನೋಡಿ. ಕಂಪನಿ ತೆರೆಯಿತು ಎಂದಷ್ಟಕ್ಕೆ ಬಿಡದೆ, ಹಿಂದಿನ ದಿನದ ಕೊನೆಯ ಬಿಲ್ ನಂಬರ್ ಅದರಲ್ಲಿದೆಯೇ, ಒಂದು ಐಟಮ್ಮಿನ ಸ್ಟಾಕ್ ಹೊಂದುತ್ತದೆಯೇ ಎಂದು ತಾಳೆ ನೋಡಿ. ಎರಡು ತಿಂಗಳಿಂದ ಅದೇ ಹಳೆಯ ಫೈಲನ್ನೇ ಬ್ಯಾಕಪ್ ಮಾಡುತ್ತಿದ್ದ ವ್ಯವಸ್ಥೆ ಬಯಲಾಗುವುದು ಹೀಗೆಯೇ.

ಮೇಲ್‌ಗೂ ಇದೇ ಮಾತು. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಕೆಲಸ ಬಿಟ್ಟವರ ಖಾತೆ ಅಳಿಸಿದರೆ ಅಡ್ಮಿನ್‌ಗೆ ಅದನ್ನು ಮರಳಿ ತರಲು ಇರುವುದು 20 ದಿನ. ಅಳಿಸುವ ಮೊದಲು ಅವರ ಮೇಲ್, ಡ್ರೈವ್ ಎರಡನ್ನೂ ಇನ್ನೊಬ್ಬರಿಗೆ ವರ್ಗಾಯಿಸಿ. ಹೊಸ ಮೇಲ್ ಸೇವೆಗೆ ಹೋಗುವ ಮುನ್ನಾದಿನ ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಡೊಮೇನಿನ ಎಂಎಕ್ಸ್ ದಾಖಲೆಯ ಟಿಟಿಎಲ್ (ಬೇರೆ ಸರ್ವರುಗಳು ಆ ದಾಖಲೆಯನ್ನು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿ. ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸಬಹುದಾದ ಸರ್ವರುಗಳನ್ನು ಹೇಳುವ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಹಳೆಯದನ್ನು ತಿದ್ದುವ ಬದಲು ಎರಡನೆಯದನ್ನು ಸೇರಿಸಿದರೆ ಎರಡೂ ಲೆಕ್ಕಕ್ಕಿಲ್ಲ, ನಿಮ್ಮ ಕೊಟೇಶನ್‌ಗಳು ಪಾರ್ಟಿಗಳ ಸ್ಪ್ಯಾಮ್ ಫೋಲ್ಡರಿಗೆ ಹೋಗುತ್ತವೆ.

ಬೀಗದ ಕೈ ಯಾರ ಬಳಿ

ಕ್ಲೌಡ್ ಖಾತೆಯ ರೂಟ್ ಲಾಗಿನ್ (ಎಲ್ಲ ಅಧಿಕಾರವಿರುವ ಮೂಲ ಲಾಗಿನ್) ಮಾಲೀಕರ ಹೆಸರಿನಲ್ಲಿರಬೇಕು, ಸೆಟಪ್ ಮಾಡಿಕೊಟ್ಟವರ ಹೆಸರಿನಲ್ಲಲ್ಲ. ಅವರಿಗೆ ಪ್ರತ್ಯೇಕ ಬಳಕೆದಾರ ಖಾತೆ ಕೊಡಿ. ರೂಟ್‌ಗೆ ಎರಡು ಹಂತದ ಪರಿಶೀಲನೆ ಹಾಕಿ, ಎರಡು ಸಾಧನಗಳಲ್ಲಿ. ಒಂದು ಫೋನ್ ಕಳೆದರೂ ಇನ್ನೊಂದಿರಲಿ. ರೂಟ್ ಖಾತೆಯ ಮೇಲ್ ವಿಳಾಸ ಕಂಪನಿಯ ಸ್ವಂತ ಡೊಮೇನಿನದ್ದಾಗಿದ್ದರೆ ಒಂದು ಸುಳಿ ಇದೆ: ಡೊಮೇನ್ ನವೀಕರಿಸಲು ಮರೆತರೆ ಮೇಲ್ ನಿಲ್ಲುತ್ತದೆ, ಮೇಲ್ ನಿಂತರೆ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದಿಲ್ಲ, ಡಿಎನ್ಎಸ್ (ಡೊಮೇನ್ ಯಾವ ಸರ್ವರಿಗೆ ಹೋಗಬೇಕೆಂಬ ದಾಖಲೆಗಳು) ಕೂಡ ಆ ಕ್ಲೌಡ್ ಖಾತೆಯೊಳಗೇ ಇದ್ದರೆ ಸರಿಪಡಿಸಲು ದಾರಿಯೇ ಇಲ್ಲ. ಆ ಡೊಮೇನನ್ನು ಅವಲಂಬಿಸದ ವಿಳಾಸ ಕೊಡಿ. ಡೊಮೇನ್ ವೆಬ್‌ಸೈಟ್ ಮಾಡಿದವರ ಹೆಸರಿನಲ್ಲಿದ್ದರೆ ಈಗಲೇ ವರ್ಗಾಯಿಸಿಕೊಳ್ಳಿ. ಜಗಳವಾದ ಮೇಲೆ ಆಗುವ ಕೆಲಸವಲ್ಲ.

ತಲೆಗೆ ಇಷ್ಟು ಎಂದು ‘ಟ್ಯಾಲಿ ಆನ್ ಕ್ಲೌಡ್’ ಮಾರುವ ಚಿಕ್ಕ ಕಂಪನಿಗಳಲ್ಲಿ ಒಳ್ಳೆಯವರೂ ಇದ್ದಾರೆ. ಹತ್ತು ಜನರ ಆಫೀಸಿಗೆ ಎಷ್ಟೋ ಸಲ ಅದೇ ಸರಿಯಾದ ಆಯ್ಕೆ, ಏಕೆಂದರೆ ಸರ್ವರ್ ನೋಡಿಕೊಳ್ಳಲು ನಿಮ್ಮಲ್ಲಿ ಯಾರೂ ಇಲ್ಲ. ಸರ್ವರ್ ಯಾವ ಊರಿನಲ್ಲಿದೆ, ನಮ್ಮ ಡೇಟಾವನ್ನು ನಾವೇ ಯಾವಾಗ ಬೇಕಾದರೂ ಇಳಿಸಿಕೊಳ್ಳಬಹುದೇ, ಬಿಟ್ಟುಹೋದರೆ ಎಷ್ಟು ದಿನ ಡೇಟಾ ಉಳಿಸುತ್ತೀರಿ, ಇವಕ್ಕೆ ಲಿಖಿತ ಉತ್ತರ ಕೊಡದವರಿಂದ ಕೊಳ್ಳಬೇಡಿ.

ಬದಲಾಯಿಸುವ ದಿನ ಶನಿವಾರ ಸಂಜೆ ಇರಲಿ, ತಿಂಗಳ ಕೊನೆಯಾಗಲಿ ರಿಟರ್ನ್ ವಾರವಾಗಲಿ ಬೇಡ. ಡೇಟಾ ಹೆಚ್ಚಿದ್ದರೆ ಅಪ್‌ಲೋಡ್ ಸಮಯ ಮೊದಲೇ ಲೆಕ್ಕ ಹಾಕಿ: 1 ಟಿಬಿಗೆ 50 ಎಂಬಿಪಿಎಸ್ ಪೂರ್ತಿ ಸಿಕ್ಕರೂ 44 ಗಂಟೆ, ನಿಜದಲ್ಲಿ ಎರಡೂವರೆ ದಿನ. ಸ್ಕ್ಯಾನ್ ಮಾಡಿದ ಹಳೆಯ ಬಿಲ್ಲುಗಳನ್ನು ವಾರ ಮುಂಚೆ ಕಳಿಸಿ, ಕೊನೆಯ ದಿನಕ್ಕೆ ಟ್ಯಾಲಿ ಫೋಲ್ಡರ್ ಮಾತ್ರ ಉಳಿಯಲಿ. ಅದು ಹೋದ ತಕ್ಷಣ ಹಳೆಯ ಸರ್ವರಿನಲ್ಲಿ ಡೇಟಾ ಫೋಲ್ಡರಿನ ಹೆಸರು ಬದಲಿಸಿಬಿಡಿ. ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ ಯಾರಾದರೊಬ್ಬರು ಡೆಸ್ಕ್‌ಟಾಪಿನ ಹಳೆಯ ಐಕಾನ್ ಒತ್ತಿ ಮಧ್ಯಾಹ್ನದವರೆಗೆ ಅಲ್ಲೇ ಬಿಲ್ಲು ಹೊಡೆಯುತ್ತಾರೆ, ಒಂದೇ ನಂಬರಿನ ಎರಡು ಬಿಲ್ಲುಗಳು ಎರಡು ಪಾರ್ಟಿಗಳಿಗೆ ಹೋಗಿರುತ್ತವೆ. ಹಳೆಯ ಯಂತ್ರ ಒಂದು ತಿಂಗಳ ಜಿಎಸ್‌ಟಿಆರ್-3ಬಿ ಹೊಸ ಕಡೆಯಿಂದ ಸಲ್ಲಿಕೆಯಾಗುವವರೆಗೆ ಆರಿಸಿದ ಸ್ಥಿತಿಯಲ್ಲಿ ಹಾಗೇ ಇರಲಿ. ಗುಜರಿಗೆ ಕೊಡುವಾಗ ಹಾರ್ಡ್‌ಡಿಸ್ಕ್ ಬಿಚ್ಚಿಟ್ಟುಕೊಳ್ಳಿ.